ಹಾರ್ನ್ ಹೇಳಿದ ಸಾಕ್ಷಿ

ಮಕ್ಕಳೇ, ಈ ವಾರ ನನ್ನದೇ ಒಂದು ತಪ್ಪಿನ ಕತೆ ಹೇಳುತ್ತೇನೆ. ನಿಮ್ಮ ಅಜ್ಜ-ಅಜ್ಜಿಯರಿಗೂ ಓದಿ ಹೇಳಿ. ಇದು ಅವರಿಗೂ ಬೇಕಾದ ಕತೆಯೇ.

ನಮ್ಮ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆ ಮುಗಿದು, ಗೊರವಯ್ಯ ಬಿಲ್ಲನ್ನೇರಿ ಕಾರಣಿಕ ನುಡಿದ ಮೇಲೆ ಬಿಸಿಲಿನ ಕಾರುಬಾರು ಶುರು. ಏಪ್ರಿಲ್‌ನ ಅಂಥ ಒಂದು ಮಧ್ಯಾಹ್ನ ನನ್ನ ಹೆಂಡತಿಯನ್ನು ಹೂವಿನಹಡಗಲಿಯ ಡಾಕ್ಟರಿಗೆ ತೋರಿಸಬೇಕಿತ್ತು. ಆಕೆಗೆ ಬಿ.ಪಿ., ಸೆಕೆ ತಡೆಯುವುದಿಲ್ಲ. ಮಗನ ಹಳೆಯ ಕಾರಿನಲ್ಲಿ ಎ.ಸಿ. ಗುಂಡಿ ಒತ್ತಿದರೆ ದೀಪ ಹತ್ತಿತು, ಗಾಳಿಯೂ ಬಂತು. ಆದರೆ ಅದು ಒಲೆಯ ಮುಂದಿನ ಗಾಳಿ!

ಹಿಂದಿನ ಸಂಜೆ ಐದನೇ ತರಗತಿಯ ಮೊಮ್ಮಗ ಅದೇ ಕಾರಿನಲ್ಲಿ ಕೂತು ಗುಂಡಿಗಳನ್ನೆಲ್ಲ ಒತ್ತುತ್ತಿದ್ದುದನ್ನು ನೋಡಿದ್ದೆ. "ನೀನೇ ಕೆಡಿಸಿದ್ದು" ಎಂದು ಎಲ್ಲರೆದುರು ಗದರಿಸಿದೆ.

"ನಾ ಏನೂ ಮಾಡಿಲ್ಲಜ್ಜ" ಎಂದ. ನಾನು ಕೇಳಿಸಿಕೊಳ್ಳಲಿಲ್ಲ. ಅವನು ಹೋಗಿ ಕಟ್ಟೆಯ ಮೇಲೆ ಮೋರೆ ತಿರುಗಿಸಿ ಕೂತ. ಹೆಂಡತಿ ಒದ್ದೆ ಟವೆಲ್ ಹೊದ್ದು, ಕಿಟಕಿ ಇಳಿಸಿಕೊಂಡು ಹೋಗಿ ಬಂದಳು.

ಸಂಜೆ ನನಗೆ ಹಳೆಯದೊಂದು ನೆನಪಾಯಿತು. ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ದಿನದ ಲೆಕ್ಕದಲ್ಲಿ ಹತ್ತು ಪೈಸೆ ವ್ಯತ್ಯಾಸ ಬಂದರೂ ಒಂದೊಂದೇ ವೋಚರಿಗೆ ಟಿಕ್ ಹಾಕುತ್ತ ಹುಡುಕುತ್ತಿದ್ದೆವು. ಒಮ್ಮೆ ನೂರು ರೂಪಾಯಿ ವ್ಯತ್ಯಾಸ ಬಂದಾಗ ಎಲ್ಲರೂ ನನ್ನ ಕಡೆಯೇ ನೋಡಿದ್ದರು. ರಾತ್ರಿ ಒಂಬತ್ತಕ್ಕೆ, ಬೇರೊಬ್ಬರು ಒಂದೇ ವೋಚರನ್ನು ಎರಡು ಸಲ ಬರೆದದ್ದು ಸಿಕ್ಕಿತು. ಅಲ್ಲಿಯವರೆಗಿನ ನಾಲ್ಕು ಗಂಟೆಗಳನ್ನು ನಾನು ಇಂದಿಗೂ ಮರೆತಿಲ್ಲ. ಅದನ್ನೇ ಮೊಮ್ಮಗನಿಗೆ ಮಾಡಿದ್ದೆನಲ್ಲ! ಮಗನನ್ನೂ ಮೊಮ್ಮಗನನ್ನೂ ಕರೆದು, "ಬರ್ರಿ, ಟಿಕ್ ಹಾಕುತ್ತ ಹುಡುಕೋಣ" ಎಂದೆ.

ಮೊದಲು ಯಂತ್ರ ಅರ್ಥವಾಗಬೇಕು. ಎ.ಸಿ.ಯ ಹೃದಯ ಕಂಪ್ರೆಸರ್. ಎಂಜಿನ್ ಓಡುವಾಗ ಬೆಲ್ಟು ಅದರ ರಾಟೆಯನ್ನು ಸದಾ ತಿರುಗಿಸುತ್ತದೆ. ಆದರೆ ರಾಟೆ ತಿರುಗಿದ ಮಾತ್ರಕ್ಕೆ ಕಂಪ್ರೆಸರ್ ಓಡುವುದಿಲ್ಲ. ರಾಟೆಯ ಮುಂದೆ ಒಂದು ಉಕ್ಕಿನ ತಟ್ಟೆ, ಹಿಂದೆ ತಂತಿಯ ಸುರುಳಿ. ಸುರುಳಿಗೆ ವಿದ್ಯುತ್ ಬಂದರೆ ಅದು ಅಯಸ್ಕಾಂತವಾಗಿ ತಟ್ಟೆಯನ್ನು 'ಟಕ್' ಎಂದು ಎಳೆದು ರಾಟೆಗೆ ಅಂಟಿಸುತ್ತದೆ. ಆಗ ಕಂಪ್ರೆಸರ್ ಓಡುತ್ತದೆ. ಇದೇ ಕ್ಲಚ್. 1939ರಲ್ಲಿ ಅಮೆರಿಕದ ಪ್ಯಾಕರ್ಡ್ ಕಂಪನಿ ಕಾರಿಗೆ ಎ.ಸಿ. ತಂದಾಗ ಈ ಕ್ಲಚ್ ಇರಲಿಲ್ಲ. ತಂಪು ಸಾಕೆನಿಸಿದರೆ ಕಾರು ನಿಲ್ಲಿಸಿ, ಬಾನೆಟ್ ಎತ್ತಿ, ಬೆಲ್ಟನ್ನೇ ಬಿಚ್ಚಬೇಕಿತ್ತು! ಈಚಿನ ಕೆಲವು ಕಾರುಗಳಲ್ಲೂ ಕ್ಲಚ್ ಇಲ್ಲ. ಅವುಗಳ ರೀತಿ ಬೇರೆ.

ಎಂಜಿನ್ ಓಡಿಸಿ, ದೂರ ನಿಂತು ಟಾರ್ಚ್ ಬಿಟ್ಟು ನೋಡಿದೆವು. ರಾಟೆ ತಿರುಗುತ್ತಿತ್ತು, ತಟ್ಟೆ ನಿಂತೇ ಇತ್ತು. 'ಟಕ್' ಶಬ್ದವಿಲ್ಲ. ಅಂದರೆ ಸುರುಳಿಗೆ ವಿದ್ಯುತ್ ಬರುತ್ತಿಲ್ಲ, ಇಲ್ಲವೇ ಸುರುಳಿಯೇ ಸುಟ್ಟಿದೆ, ಇಲ್ಲವೇ ತಟ್ಟೆ ಸವೆದು ಸಂದು ಹೆಚ್ಚಾಗಿದೆ.

ಎಂಜಿನ್ ಆರಿಸಿ, ಕೈಪಿಡಿ ನೋಡಿ ಫ್ಯೂಸ್ ತೆಗೆದೆವು. ಒಳಗಿನ ತಂತಿ ಸರಿಯಾಗಿತ್ತು. ಒಂದು ಟಿಕ್.

ಮುಂದಿನದು ರಿಲೇ. ಬ್ಯಾಂಕಿನಲ್ಲಿ ಮ್ಯಾನೇಜರರ ಪುಟ್ಟ ಸಹಿ ಬಿದ್ದರೆ ಕ್ಯಾಷಿಯರ್ ದೊಡ್ಡ ಮೊತ್ತ ಎಣಿಸಿ ಕೊಡುತ್ತಾರಲ್ಲ, ಹಾಗೆ ಸಣ್ಣ ವಿದ್ಯುತ್ತಿನ ಅಪ್ಪಣೆಯಿಂದ ದೊಡ್ಡ ವಿದ್ಯುತ್ತನ್ನು ಬಿಡುವ ಪುಟ್ಟ ಡಬ್ಬಿ ಇದು. ಪಕ್ಕದಲ್ಲೇ ಹಾರ್ನಿನ ರಿಲೇ ಇತ್ತು. ಎರಡರ ಮೇಲಿನ ನಂಬರೂ ಒಂದೇ. ಮಗ ಅದಲು ಬದಲು ಮಾಡಿ ಎಂಜಿನ್ ಹಚ್ಚಿ ಎ.ಸಿ. ಒತ್ತಿದ. 'ಟಕ್!' ತಣ್ಣನೆ ಗಾಳಿ ಬಂತು.

"ಅಜ್ಜ, ಹಾರ್ನ್ ಒತ್ತಿ ನೋಡ್ಲೇನು?" ಎಂದ ಮೊಮ್ಮಗ. ಒತ್ತಿದ. ಹಾರ್ನ್ ಮೂಕ! ದೋಷ ರಿಲೇಯ ಜೊತೆಗೇ ಜಾಗ ಬದಲಿಸಿತ್ತು. ಡೆಬಿಟ್ಟೂ ಕ್ರೆಡಿಟ್ಟೂ ತಾಳೆಯಾಯಿತು. ಗುಂಡಿ ಒತ್ತಿದವನದು ತಪ್ಪಲ್ಲವೆಂಬುದಕ್ಕೆ ಆ ಮೌನವೇ ಸಾಕ್ಷಿ.

ಹಾರ್ನ್ ಇಲ್ಲದೆ ರಸ್ತೆಗಿಳಿಯುವುದು ಸರಿಯಲ್ಲ. ಒಳ್ಳೆಯ ರಿಲೇಯನ್ನು ಮತ್ತೆ ಹಾರ್ನಿಗೇ ಹಾಕಿ, ಮರುದಿನ ಹೊಸದನ್ನು ತಂದೆವು.

ನಿಮ್ಮಲ್ಲಿ ರಿಲೇಯೂ ಸರಿಯಿದ್ದರೆ ಮುಂದಿನ ಅನುಮಾನ ಗ್ಯಾಸಿನ ಮೇಲೆ. ಗ್ಯಾಸು ತೀರಾ ಕಡಿಮೆಯಾದರೆ ಪ್ರೆಷರ್ ಸ್ವಿಚ್ ಕಂಪ್ರೆಸರನ್ನು ತಡೆಯುತ್ತದೆ. ಕಂಪ್ರೆಸರಿಗೆ ಬೇಕಾದ ಎಣ್ಣೆ ಗ್ಯಾಸಿನ ಜೊತೆಗೇ ಹರಿಯುವುದರಿಂದ ಈ ತಡೆ. ಆ ಸ್ವಿಚ್ಚನ್ನು ತಪ್ಪಿಸಿ ಓಡಿಸಬೇಡಿ. ಗ್ಯಾಸು ಪೆಟ್ರೋಲಿನಂತೆ ಖರ್ಚಾಗುವುದಿಲ್ಲ. ಕಡಿಮೆಯಾಗಿದ್ದರೆ ಎಲ್ಲೋ ಸೋರುತ್ತಿದೆ ಎಂದರ್ಥ. ಸೋರಿಕೆ ಹುಡುಕದೆ ಬರೀ ಗ್ಯಾಸು ತುಂಬಿಸಿದರೆ ದುಡ್ಡು ಗಾಳಿಗೆ. ಅನೇಕ ಕಾರುಗಳಲ್ಲಿರುವ ಆರ್-134ಎ ಗ್ಯಾಸು ಭೂಮಿಯನ್ನು ಬಿಸಿ ಮಾಡುವುದರಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸಾವಿರ ಪಟ್ಟಿಗೂ ಜೋರು. ಚರ್ಮಕ್ಕೆ ಸಿಡಿದರೆ ಹಿಮದಂತೆ ಸುಡುತ್ತದೆ. ಆ ಕೆಲಸ ಮೆಕ್ಯಾನಿಕ್ಕಿಗೇ ಬಿಡಿ. ಮಕ್ಕಳೇ, ಬಾನೆಟ್ಟಿನೊಳಗೆ ನೀವಾಗಿ ಎಂದೂ ಕೈ ಹಾಕಬೇಡಿ. ಎಂಜಿನ್ ಆರಿದ ಮೇಲೂ ಫ್ಯಾನು ತಿರುಗಬಹುದು.

ಎಲ್ಲರೆದುರು ಗದರಿಸಿದ್ದೆ. ಹಾಗಾಗಿ ಎಲ್ಲರೆದುರೇ ಹೇಳಿದೆ: "ತಪ್ಪು ನಂದಪ್ಪ. ಲೆಕ್ಕ ನೋಡದೆ ನಿನ್ನ ಹೆಸರಿಗೆ ಬರೆದುಬಿಟ್ಟೆ."

ಅವನು ಒಂದು ಗಳಿಗೆ ಸುಮ್ಮನಿದ್ದು, "ಹಂಗಾದ್ರೆ ಮುಂದಿನ ಸಲ ಎ.ಸಿ. ನಾನೇ ಹಚ್ಚೋದು" ಎಂದ.

ಮುಂದಿನ ವಾರ ಡಾಕ್ಟರಲ್ಲಿಗೆ ಹೋಗುವಾಗ ಅವನೇ ಹಚ್ಚಿದ. ಹಡಗಲಿ ತಲುಪುವಷ್ಟರಲ್ಲಿ ಅವನಜ್ಜಿ ಸೆರಗು ಹೊದ್ದುಕೊಂಡು, "ಸ್ವಲ್ಪ ಕಮ್ಮಿ ಮಾಡಪ್ಪ, ಚಳಿ" ಎಂದಳು.