ಕಿಲ್ಟ್ ಹೊಲಿಯುವವರ ಕೂಲಿ

ಸ್ಕಾಟ್ಲೆಂಡಿನ ಗಂಡಸರು ಉಡುವ ನೆರಿಗೆಯ ಉಡುಪು ಕಿಲ್ಟ್. ಅದು ಹಳೆಯ ಪದ್ಧತಿಯಲ್ಲೇ ಇರಬೇಕೋ, ಹೊಸದಾಗಬೇಕೋ ಎಂಬ ವಾದ ನನಗೆ ದೊಡ್ಡದೆನಿಸುವುದಿಲ್ಲ.

ಸಾಂಪ್ರದಾಯಿಕ ಕಿಲ್ಟಿಗೆ ಸುಮಾರು 8 ಗಜ ಉಣ್ಣೆಬಟ್ಟೆ ಬೇಕು. ನೆರಿಗೆ ಹಿಡಿದ ಮೇಲೂ ಚೌಕಳಿಯ ಗೆರೆಗಳು ಕೂಡಬೇಕು. ಸೊಂಟದತ್ತ ಪ್ರತಿ ನೆರಿಗೆಯೂ ಕಿರಿದಾಗಬೇಕು. ಕೆಳಗೆ ಮಡಚಿ ಹೊಲಿಯುವುದಿಲ್ಲ, ನಮ್ಮ ಸೀರೆಯಂತೆ ಮಗ್ಗದಲ್ಲಿ ಬಂದ ಅಂಚೇ ಸಾಕು. ಕೈಹೊಲಿಗೆಗೆ ದಿನಗಳೇ ಹಿಡಿಯುತ್ತವೆ. ಎಂಜಿನಿಯರನಾದ ನನಗೆ ಈ ಲೆಕ್ಕಾಚಾರ ಬಹಳ ಮೆಚ್ಚುಗೆ.

ಡೆನಿಮ್ ಬಟ್ಟೆಯ, ಜೇಬಿರುವ ಕಿಲ್ಟನ್ನು ಎಡಿನ್‌ಬರೋದಲ್ಲೂ ಅಮೆರಿಕದ ಸಿಯಾಟಲ್‌ನಲ್ಲೂ ಹೊಲಿದು ಬದುಕಿದವರಿದ್ದಾರೆ. ಅದೂ ಕಾಯಕವೇ. ನನಗೆ ಆತಂಕ ತರುವುದು ಪ್ರವಾಸಿಗರಿಗೆ ಮಾರುವ ಅಗ್ಗದ ಅಕ್ರಿಲಿಕ್ ಮಾಲು. ಅದರ ಬೆಲೆ ತೋರಿಸಿ ಕೈಹೊಲಿಗೆಯ ಕೂಲಿಗೆ ಚೌಕಾಸಿ ಮಾಡಿದರೆ, ಬಂಧುಗಳೇ, ಈ ಕಸುಬು ಕಲಿಯಲು ಹೊಸಬರು ಯಾಕೆ ಬಂದಾರು?