ಫೋಟೋ ತರುವುದು ಸರಿ, ಕೊಟ್ಟು ಬರುವುದು ಯಾವಾಗ?



ಪ್ರವಾಸ ಹೋಗಿ ಬಂದವರನ್ನು ನಾವು ಮೊದಲು ಕೇಳುವ ಮಾತು ಒಂದೇ: "ಫೋಟೋ ತಂದ್ಯಾ?" ತಂದೇ ಇರುತ್ತಾರೆ. ಮೊಬೈಲಿನಲ್ಲಿ ಇನ್ನೂರು ಮುನ್ನೂರು ಇರುತ್ತವೆ. ಆದರೆ "ಅಲ್ಲಿಯ ಜನಕ್ಕೆ ಏನಾದ್ರೂ ಕೊಟ್ಟು ಬಂದ್ಯಾ?" ಅಂತ ಯಾರೂ ಕೇಳುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಅದನ್ನೂ ಕೇಳಬೇಕು. ಈ ಸಲದ ದಸರಾ ರಜೆಯಲ್ಲಿ ಚಿಕ್ಕಪ್ಪನ ಮನೆಯವರ ಜೊತೆ ಬಾದಾಮಿ ನೋಡಿಕೊಂಡು ಬಂದ ಮೇಲೆ ನನಗೆ ಹೀಗೆ ಅನ್ನಿಸಿದೆ.

ಚಿಕ್ಕಪ್ಪನ ಮಗ, ನಮ್ಮಣ್ಣ, ಒಂದು ಇನ್‌ಸ್ಟ್ಯಾಂಟ್ ಕ್ಯಾಮೆರಾ ತಂದಿದ್ದ. ಅಂದರೆ ಫೋಟೋ ಹೊಡೆದ ಕೂಡಲೇ ಕ್ಯಾಮೆರಾದಿಂದಲೇ ಹಾಳೆ ಹೊರಗೆ ಬರುವ ಕ್ಯಾಮೆರಾ. ಹಾಳೆಯ ಅಳತೆ 86 ಮಿ.ಮೀ. ಉದ್ದ, 54 ಮಿ.ಮೀ. ಅಗಲ. ಹೆಚ್ಚು ಕಡಿಮೆ ನಮ್ಮ ಆಧಾರ್ ಕಾರ್ಡಿನಷ್ಟು. ಒಂದು ಪೊಟ್ಟಣಕ್ಕೆ 10 ಹಾಳೆ ಮಾತ್ರ. ಹಾಳೆಯ ಒಂದು ಅಂಚಿನಲ್ಲಿ ರಾಸಾಯನಿಕ ತುಂಬಿದ ಪುಟ್ಟ ಚೀಲ ಇರುತ್ತದೆ. ಹಾಳೆ ಹೊರಗೆ ಬರುವಾಗ ಒಳಗಿನ ಎರಡು ಉರುಳೆಗಳು ಆ ಚೀಲವನ್ನು ಒಡೆದು, ರಸವನ್ನು ಹಾಳೆಯ ತುಂಬ ಸಮನಾಗಿ ಹರಡುತ್ತವೆ. ಮೊದಲು ಏನೂ ಕಾಣುವುದಿಲ್ಲ. ಒಂದೂವರೆ ನಿಮಿಷದಲ್ಲಿ ಚಿತ್ರ ಮೆಲ್ಲಗೆ ಮೂಡುತ್ತದೆ. ಸಿನಿಮಾದಲ್ಲಿ ತೋರಿಸುವ ಹಾಗೆ ಹಾಳೆಯನ್ನು ಅಲ್ಲಾಡಿಸಬೇಕಾಗಿಲ್ಲ. ಸುಮ್ಮನೆ ನೆರಳಿನಲ್ಲಿ ಇಟ್ಟರೆ ಸಾಕು.

ಈ ತರಹದ ಕ್ಯಾಮೆರಾದ ಯೋಚನೆ ಹುಟ್ಟಿದ್ದೇ ಒಂದು ಪ್ರವಾಸದಲ್ಲಿ. ಅಮೆರಿಕದ ಎಡ್ವಿನ್ ಲ್ಯಾಂಡ್ ಎಂಬ ವಿಜ್ಞಾನಿ 1943ರಲ್ಲಿ ಸಾಂತಾ ಫೆ ಎಂಬ ಊರಿಗೆ ಮನೆಯವರೊಂದಿಗೆ ರಜೆ ಕಳೆಯಲು ಹೋಗಿದ್ದರು. ಅಲ್ಲಿ ಮಗಳ ಫೋಟೋ ತೆಗೆದಾಗ, "ಈಗಲೇ ಯಾಕೆ ನೋಡಬಾರದು?" ಎಂದು 3 ವರ್ಷದ ಆ ಮಗು ಕೇಳಿತಂತೆ. ಲ್ಯಾಂಡ್ ಅದನ್ನೇ ತಲೆಗೆ ಹಚ್ಚಿಕೊಂಡರು. 1947ರಲ್ಲಿ ತಮ್ಮ ವಿಧಾನವನ್ನು ವಿಜ್ಞಾನಿಗಳ ಮುಂದೆ ಮಾಡಿ ತೋರಿಸಿದರು. 1948ರಲ್ಲಿ ಪೋಲರಾಯ್ಡ್ ಕ್ಯಾಮೆರಾ ಬಾಸ್ಟನ್ ನಗರದ ಅಂಗಡಿಯಲ್ಲಿ ಮಾರಾಟಕ್ಕೆ ಬಂತು. ಡಿಜಿಟಲ್ ಕ್ಯಾಮೆರಾಗಳ ಎದುರು ನಿಲ್ಲಲಾಗದೆ, ಫಿಲ್ಮ್ ಮಾಡುವುದನ್ನು ನಿಲ್ಲಿಸುತ್ತೇವೆ ಎಂದು 2008ರಲ್ಲಿ ಪೋಲರಾಯ್ಡ್ ಕಂಪನಿ ಹೇಳಿತು. ಆದರೆ ನೆದರ್‌ಲ್ಯಾಂಡ್ಸ್ ದೇಶದಲ್ಲಿದ್ದ ಅದರ ಕಾರ್ಖಾನೆಯನ್ನು ಕೆಲವರು ಸೇರಿ ಉಳಿಸಿಕೊಂಡು, 2010ರಿಂದ ಮತ್ತೆ ಫಿಲ್ಮ್ ಮಾಡತೊಡಗಿದರು. ನಮ್ಮಣ್ಣನ ಕ್ಯಾಮೆರಾ ಜಪಾನಿನ ಫ್ಯೂಜಿಯವರದು. 1998ರಲ್ಲಿ ಶುರುವಾದ ಇನ್‌ಸ್ಟಾಕ್ಸ್ ಎಂಬ ಜಾತಿ.

ಬಾದಾಮಿಯಲ್ಲಿ ನಮ್ಮ ಹತ್ತಿರ ಇದ್ದದ್ದು ಆ 10 ಹಾಳೆ. ಮೊಬೈಲಿನಲ್ಲಾದರೆ ಕಂಡದ್ದಕ್ಕೆಲ್ಲ ಒತ್ತುತ್ತೇವೆ. ಇಲ್ಲಿ ಪ್ರತಿಯೊಂದಕ್ಕೂ ಬೇಕೋ ಬೇಡವೋ ಅಂತ ನಿಂತು ಯೋಚಿಸಬೇಕಾಯಿತು. ಮೂರನೇ ಗುಹೆಯಲ್ಲಿ ಕ್ರಿ.ಶ. 578ರ ಶಾಸನವಿದೆ, ಹಳೆಯ ವರ್ಣಚಿತ್ರದ ಉಳಿಕೆಯೂ ಇದೆ. ಈ ಕ್ಯಾಮೆರಾದಲ್ಲಿ ಫ್ಲ್ಯಾಶ್ ಆರಿಸಲು ಬರುವುದಿಲ್ಲ, ಅದರ ಬೆಳಕು ಎರಡು ಮೀಟರಿನ ಆಚೆ ಅಷ್ಟಾಗಿ ಮುಟ್ಟುವುದೂ ಇಲ್ಲ. ಹಳೆಯ ಬಣ್ಣದ ಮೇಲೆ ಮಿಂಚು ಹೊಡೆಸುವುದು ಬೇಡ ಎಂದು ಚಿಕ್ಕಪ್ಪ ಹೇಳಿದರು. ಕ್ಯಾಮೆರಾ ಚೀಲದಲ್ಲೇ ಉಳಿಯಿತು. ನಾವು ಕಣ್ಣು ತುಂಬ ನೋಡಿದೆವು.

ಗುಹೆಗಳ ಬೆಟ್ಟದ ಕೆಳಗೆ ಅಗಸ್ತ್ಯ ತೀರ್ಥ ಎಂಬ ದೊಡ್ಡ ಕೆರೆ. ಮೆಟ್ಟಿಲ ಮೇಲೆ ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ಆಚೆ ದಡದ ಭೂತನಾಥ ಗುಡಿಯ ಫೋಟೋ ತೆಗೆಯುವವರೆಲ್ಲ ಈ ಹೆಂಗಸರನ್ನೂ ಕೇಳದೆ ಕೇಳದೆ ತೆಗೆಯುತ್ತಿದ್ದರು. ನಾವು ಒಬ್ಬ ಅಜ್ಜಿಯನ್ನು "ಫೋಟೋ ತೆಗೀಬಹುದಾ?" ಅಂತ ಕೇಳಿದೆವು. ಅವರು ನಕ್ಕು, "ದಿನಾ ಮಂದಿ ಹೊಡಕೊಂಡು ಹೋಗ್ತಾರ. ಮೊಬೈಲಿಗೆ ಕಳಸ್ತೀವಿ ಅಂತಾರ, ಒಬ್ಬರೂ ಕಳಸಂಗಿಲ್ಲ" ಅಂದರು. ಅಣ್ಣ ಮೊಮ್ಮಗಳ ಜೊತೆ ಕೂರಿಸಿ ಒಂದು ಫೋಟೋ ತೆಗೆದು ಹಾಳೆಯನ್ನು ಅಜ್ಜಿಯ ಕೈಗೇ ಕೊಟ್ಟ. ಬಿಳಿ ಹಾಳೆ ನೋಡಿ ಅವರು "ಏನೂ ಇಲ್ಲಲ್ಲೋ ತಮ್ಮಾ" ಅಂದರು. ಆಮೇಲೆ ಮೊಮ್ಮಗಳು "ಆಯಿ, ನೀ ಬಂದಿ! ನಾನೂ ಬಂದೆ!" ಅಂತ ಕೂಗಿದಳು. ಅಕ್ಕಪಕ್ಕದವರೆಲ್ಲ ಒಗೆಯುವುದು ಬಿಟ್ಟು ಬಂದರು. ಅಲ್ಲೇ ನಾಲ್ಕು ಹಾಳೆ ಖರ್ಚಾದವು. ನಮ್ಮ ಪಾಲಿಗೆ ಒಂದೂ ಉಳಿಯಲಿಲ್ಲ. ಈ ಫಿಲ್ಮಿಗೆ ನೆಗೆಟಿವ್ ಇರುವುದಿಲ್ಲ, ಆದ್ದರಿಂದ ಇನ್ನೊಂದು ಪ್ರತಿ ತೊಳೆಸಲೂ ಆಗುವುದಿಲ್ಲ. ಕೊಟ್ಟರೆ ಕೊಟ್ಟ ಹಾಗೆಯೇ.

ಇದನ್ನು ಯಾಕೆ ಇಷ್ಟು ದೊಡ್ಡದಾಗಿ ಬರೆಯುತ್ತೀ ಅಂತ ಕೇಳಬಹುದು. ಕಾರಣ ನಮ್ಮ ಮನೆಯಲ್ಲೇ ಇದೆ. ಮೂರು ವರ್ಷದ ಹಿಂದೆ ನಮ್ಮಜ್ಜಿ ಕಣದಲ್ಲಿ ರಾಗಿ ತೂರುವಾಗ, ರಸ್ತೆಯಲ್ಲಿ ಹೋಗುತ್ತಿದ್ದ ಕಾರಿನವರು ಇಳಿದು ದೊಡ್ಡ ಕ್ಯಾಮೆರಾದಲ್ಲಿ ಫೋಟೋ ತೆಗೆದರು. "ತುಂಬಾ ಚೆನ್ನಾಗಿ ಬಂದಿದೆ ಅಜ್ಜಿ" ಅಂತ ಹೇಳಿ ಹೊರಟು ಹೋದರು. ಮಾರನೇ ವರ್ಷ ಅಜ್ಜಿ ತೀರಿಕೊಂಡರು. ಗೋಡೆಗೆ ಹಾಕಲು ಮನೆಯಲ್ಲಿ ಒಂದು ಒಳ್ಳೆಯ ಫೋಟೋ ಇರಲಿಲ್ಲ. ಆಧಾರ್ ಕಾರ್ಡಿನ ಮಸುಕು ಫೋಟೋವನ್ನೇ ದೊಡ್ಡದು ಮಾಡಿಸಿ ಹಾಕಿದ್ದೇವೆ. ಚೆನ್ನಾಗಿ ಬಂದ ಆ ಫೋಟೋ ಈಗ ಯಾವ ಊರಲ್ಲಿದೆಯೋ! ತೆಗೆದವರು ಕೆಟ್ಟವರಲ್ಲ. ಆದರೆ ನಾವು ಬೇರೆ ಊರಿಗೆ ಹೋದಾಗ ನಾವೂ ಹಾಗೇ ಮಾಡಿ ಬರುತ್ತೇವೆ ಅನ್ನುವುದು ನೆನಪಿರಬೇಕು.

"ಮೊಬೈಲ್ ಫೋಟೋಗೆ ಕಾಸಿಲ್ಲ, ಇದು ದುಂದು" ಎಂದು ಕೆಲವರು ವಾದಿಸಬಹುದು. ನಾವು ಕೊಂಡ ಪೊಟ್ಟಣಕ್ಕೆ 600 ರೂಪಾಯಿ ಆಯಿತು, ಅಂದರೆ ಒಂದು ಫೋಟೋಕ್ಕೆ 60. ದುಬಾರಿಯೇ, ಒಪ್ಪುತ್ತೇನೆ. ಚಿತ್ರವೂ ಮೊಬೈಲಿನಷ್ಟು ಸ್ಪಷ್ಟವಾಗಿರುವುದಿಲ್ಲ. ಆದರೆ ಕಾಸಿಲ್ಲದ ಇನ್ನೂರು ಫೋಟೋಗಳಲ್ಲಿ ಒಂದನ್ನಾದರೂ ನಾವು ಯಾರಿಗಾದರೂ ಅಚ್ಚು ಹಾಕಿಸಿ ಕೊಟ್ಟಿದ್ದೇವೆಯೇ? ಒಂದು ಹಾಳೆಗೆ ಬೆಲೆ ಇರುವುದರಿಂದಲೇ ನಾವು ಕೇಳಿ ತೆಗೆಯುತ್ತೇವೆ, ಹತ್ತಿರ ಹೋಗಿ ನಾಲ್ಕು ಮಾತಾಡುತ್ತೇವೆ.

ಆದ್ದರಿಂದ ನನ್ನದೊಂದು ಸಲಹೆ. ಡಿಸೆಂಬರಿನ ಶಾಲಾ ಪ್ರವಾಸಕ್ಕೆ ಇಂಥ ಒಂದು ಕ್ಯಾಮೆರಾ ಒಯ್ಯೋಣ. ಅಣ್ಣ ತನ್ನದನ್ನು ಕೊಡಲು ಒಪ್ಪಿದ್ದಾನೆ. ನಮ್ಮ ತರಗತಿಯ 40 ಜನ ತಲೆಗೆ 15 ರೂಪಾಯಿ ಹಾಕಿದರೆ ಒಂದು ಪೊಟ್ಟಣ ಬರುತ್ತದೆ. ಎರಡು ಹಾಳೆ ನಮಗೆ: ಒಂದು ಈ ಗೋಡೆ ಪತ್ರಿಕೆಗೆ, ಒಂದು ಶಾಲೆಗೆ. ಉಳಿದ ಎಂಟು ಅಲ್ಲಿಯವರಿಗೆ. ನಮಗೆ ಊಟ ಬಡಿಸಿದವರು, ದಾರಿ ತೋರಿಸಿದವರು ಇರುತ್ತಾರಲ್ಲ, ಅವರಿಗೆ. ಬಸ್ಸಿನ ಡ್ರೈವರಣ್ಣನಿಗೂ ಒಂದು ಇರಲಿ. ಕೇಳದೆ ತೆಗೆಯಬಾರದು. ಚಿಕ್ಕ ಮಕ್ಕಳಾದರೆ ಮನೆಯವರನ್ನು ಕೇಳಬೇಕು. ಖಾಲಿ ಡಬ್ಬಿ, ಕಪ್ಪು ಹಾಳೆಗಳನ್ನು ಅಲ್ಲಿ ಎಸೆಯದೆ ವಾಪಸ್ ತರಬೇಕು.

15 ರೂಪಾಯಿ ಕೊಡಲು ಆಗದವರು ಕೊಡುವುದು ಬೇಡ. ಅವರ ಪಾಲನ್ನು ಮಿಕ್ಕವರು ಹಾಕೋಣ. ಇದಕ್ಕೆ ನೀವೇನಂತೀರಿ? ಒಪ್ಪದವರೂ ಧಾರಾಳವಾಗಿ ಬರೆಯಿರಿ. ಶನಿವಾರದೊಳಗೆ ಪತ್ರಿಕೆಯ ಪೆಟ್ಟಿಗೆಗೆ ಹಾಕಿದರೆ ಮುಂದಿನ ಸಂಚಿಕೆಯಲ್ಲಿ ಬರುತ್ತದೆ.

– 9ನೇ ತರಗತಿಯ ವಿದ್ಯಾರ್ಥಿನಿ