ಆರು ಸಿಟ್ಟಿಂಗಿನ ಲೆಕ್ಕ

ಭಾಳ ದಿನ ಆಗಿತ್ತು ಬ್ಲಾಗಿನ ಕಡೆ ತಲೆ ಹಾಕಿ. ರಿಲೀಸು, ಬಗ್ಗು, ಮತ್ತೆ ರಿಲೀಸು... ಅದೇ ಗಾಣದೆತ್ತಿನ ತಿರುಗಾಟ. ಇರಲಿ. ನಮ್ಮ ಬ್ಲಾಗ್ ಬಳಗದಲ್ಲಿ ಮಳೆ, ಅಮ್ಮ, ಊರಿನ ಜಾತ್ರೆ, ಮೊದಲ ಪ್ರೇಮ ಎಲ್ಲದರ ಬಗ್ಗೆಯೂ ಬರೆದಾಗಿದೆ. ಹೆಣ್ಣುಮಕ್ಕಳ ಗದ್ದದ ಮೇಲೆ ಬರುವ ಕೂದಲಿನ ಬಗ್ಗೆ ಬರೆದದ್ದನ್ನು ಮಾತ್ರ ನಾನು ನೋಡಿಲ್ಲ. ಹಾಗಾಗಿ ಇವತ್ತು ನಾನೇ ಬರೆಯುತ್ತಿದ್ದೇನೆ. ಮುಜುಗರ ಆಗುವವರು ಈಗಲೇ ಮುಂದಿನ ಬ್ಲಾಗಿಗೆ ಹೋಗಬಹುದು :-)

ನಮ್ಮ ಸಪ್ತಾಪುರ ಗೊತ್ತಲ್ಲ? ಧಾರವಾಡದ ಕೋಚಿಂಗ್ ಕ್ಲಾಸುಗಳ ಪೇಟೆ. ಕೆಎಎಸ್, ಪಿಎಸ್‌ಐ, ಎಫ್‌ಡಿಎ, ಎಸ್‌ಡಿಎ ಅಂತ ಎಲ್ಲಿ ನೋಡಿದರೂ ಬೋರ್ಡು. ರಾಯಚೂರು, ಬಾಗಲಕೋಟೆ, ವಿಜಯಪುರದ ಕಡೆಯಿಂದ ಹುಡುಗ ಹುಡುಗಿಯರು ಬಂದು ಪೀಜಿಗಳಲ್ಲಿ ಇದ್ದು ಓದುತ್ತಾರೆ. ಇತ್ತೀಚೆಗೆ ಈ ಬೋರ್ಡುಗಳ ಸಂದಿಯಲ್ಲಿ ಇನ್ನೊಂದು ನಮೂನೆಯ ಜಾಹೀರಾತು ಕಾಣಿಸುತ್ತಿದೆ. "ಲೇಸರ್ ಹೇರ್ ರಿಮೂವಲ್, 6 ಸಿಟ್ಟಿಂಗ್, ಪರ್ಮನೆಂಟ್." ಪೂರ್ತಿ ದುಡ್ಡು ಮುಂಗಡ ಕಟ್ಟಿದರೆ ರಿಯಾಯಿತಿ. ಕಂತೂ ಉಂಟು.

ನನಗೂ ಮಾಡಿಸಿಕೊಳ್ಳಬೇಕು ಅನ್ನುವ ಆಸೆ ಇದೆ. ಹತ್ತು ವರ್ಷದಿಂದ ಹದಿನೈದು ದಿನಕ್ಕೊಮ್ಮೆ ಪಾರ್ಲರಿಗೆ ಹೋಗಿ ದಾರದಿಂದ ಕೀಳಿಸಿಕೊಂಡು ಕಣ್ಣೀರು ಹಾಕಿದ್ದು ಸಾಕಾಗಿದೆ. ಹಾಗಾಗಿ ಈ ಬರಹ ಲೇಸರ್ ವಿರುದ್ಧ ಅಲ್ಲ. ನನ್ನ ತಕರಾರು ಇರುವುದು ಆ "6" ಮತ್ತು ಆ "ಪರ್ಮನೆಂಟ್" ಅನ್ನುವ ಪದದ ಮೇಲೆ.

ಮೊದಲು ಇದು ಕೆಲಸ ಮಾಡುವ ರೀತಿ ನೋಡೋಣ. 1983ರಲ್ಲಿ ಆಂಡರ್ಸನ್ ಮತ್ತು ಪ್ಯಾರಿಶ್ ಎಂಬ ಇಬ್ಬರು ಅಮೇರಿಕದ ವೈದ್ಯರು ಒಂದು ತತ್ವ ಮಂಡಿಸಿದರು. ಸರಿಯಾದ ತರಂಗಾಂತರದ ಬೆಳಕನ್ನು ಸರಿಯಾದಷ್ಟೇ ಹೊತ್ತು ಬಿಟ್ಟರೆ, ಸುತ್ತಲಿನದಕ್ಕೆ ಹೆಚ್ಚು ಪೆಟ್ಟಾಗದಂತೆ ಬೇಕಾದ ಗುರಿಯನ್ನಷ್ಟೇ ಸುಡಬಹುದು ಅಂತ. ಇಲ್ಲಿ ಗುರಿ ಅಂದರೆ ಕೂದಲಿನ ಕಪ್ಪು ಬಣ್ಣ, ಮೆಲನಿನ್. ಅದು ಬೆಳಕನ್ನು ಹೀರಿ ಬಿಸಿಯಾಗಿ ಬೇರನ್ನು ಕೆಡಿಸುತ್ತದೆ. ಬಿಳಿ ಕೂದಲಿಗೆ ಲೇಸರ್ ತಾಗದಿರುವುದು ಇದೇ ಕಾರಣಕ್ಕೆ.

ತೊಂದರೆ ಏನೆಂದರೆ ಅದೇ ಮೆಲನಿನ್ ನಮ್ಮ ಚರ್ಮದಲ್ಲೂ ಇದೆ. ಬಿಳಿ ಚರ್ಮ, ಕಪ್ಪು ಕೂದಲು ಇದ್ದವರಿಗೆ ಕೆಲಸ ಸುಲಭ. ನಮ್ಮಂಥ ಗೋಧಿ ಬಣ್ಣ, ಎಣ್ಣೆಗಪ್ಪಿನವರಿಗೆ ತಪ್ಪು ಯಂತ್ರ ಹಿಡಿದರೆ ಚರ್ಮವೇ ಸುಟ್ಟು ಕಲೆ ಬೀಳುತ್ತದೆ. 755 ನ್ಯಾನೋಮೀಟರಿನ ಅಲೆಕ್ಸಾಂಡ್ರೈಟ್‌ಗಿಂತ 810ರ ಆಸುಪಾಸಿನ ಡಯೋಡ್, ಅದಕ್ಕಿಂತ 1064ರ ಎನ್‌ಡಿ-ಯಾಗ್ ನಮ್ಮ ಬಣ್ಣಕ್ಕೆ ಹೆಚ್ಚು ಸುರಕ್ಷಿತ. "ನಿಮ್ಮ ಮಷೀನ್ ಯಾವುದ್ರೀ?" ಅಂತ ಕೇಳಿದರೆ "ಲೇಟೆಸ್ಟ್ ಐತ್ರಿ ಮೇಡಂ" ಅನ್ನುವುದು ಉತ್ತರವಲ್ಲ. ಎಷ್ಟೋ ಕಡೆ ಲೇಸರ್ ಅಂತ ಹೇಳಿ ಮಾಡುವ ಐಪಿಎಲ್ ಲೇಸರೇ ಅಲ್ಲ. (ಕ್ರಿಕೆಟ್ಟೂ ಅಲ್ಲ, ಅದೊಂದು ಬಗೆಯ ತೀವ್ರ ಬೆಳಕಿನ ಮಿಂಚು.)

ಈಗ ಆರರ ಲೆಕ್ಕಕ್ಕೆ ಬರೋಣ. ನಮ್ಮ ಕೂದಲೆಲ್ಲ ಒಟ್ಟಿಗೇ ಬೆಳೆಯುವುದಿಲ್ಲ. ಕೆಲವು ಬೆಳೆಯುವ ಹಂತದಲ್ಲಿ, ಕೆಲವು ನಿದ್ದೆಯಲ್ಲಿ. ಬೆಳೆಯುತ್ತಿರುವ ಬೇರಿಗೆ ಮಾತ್ರ ಲೇಸರ್ ಪೆಟ್ಟು ಸರಿಯಾಗಿ ಬೀಳುತ್ತದೆ. ಮಲಗಿದ್ದವು ಏಳುವ ತನಕ ಕಾಯಬೇಕು. ಮುಖಕ್ಕೆ ಸಾಮಾನ್ಯವಾಗಿ 4ರಿಂದ 6 ವಾರ, ಕೈಕಾಲಿಗೆ ಇನ್ನೂ ಸ್ವಲ್ಪ ಹೆಚ್ಚು ಅಂತರ ಇಡುವುದು ಇದಕ್ಕೇ.

ಅಮೇರಿಕದ ಚರ್ಮವೈದ್ಯರ ಅಕಾಡೆಮಿ ಹೇಳುವ ಪ್ರಕಾರ ಮೊದಲ ಸಿಟ್ಟಿಂಗಿಗೆ ಹೆಚ್ಚಿನವರಲ್ಲಿ 10ರಿಂದ 25 ಪರ್ಸೆಂಟ್ ಕೂದಲು ಕಡಿಮೆಯಾಗುತ್ತದೆ. ಪ್ರತಿ ಸಲವೂ ಅಷ್ಟೇ ಆಗುತ್ತದೆ ಅಂತ ಇಟ್ಟುಕೊಳ್ಳಿ (ಇದು ನನ್ನ ಅಂದಾಜು, ವೈದ್ಯಶಾಸ್ತ್ರ ಅಲ್ಲ). ಸಲಕ್ಕೆ 25 ಆದರೆ ಆರು ಸಿಟ್ಟಿಂಗಿನ ನಂತರ ಉಳಿಯುವುದು ಸುಮಾರು 18 ಪರ್ಸೆಂಟ್. ಸಲಕ್ಕೆ 10 ಆದರೆ ಉಳಿಯುವುದು 53! ಅದೇ ಪ್ಯಾಕೇಜು, ಅದೇ ದುಡ್ಡು. ಒಬ್ಬಳಿಗೆ ಗದ್ದ ನುಣುಪು, ಇನ್ನೊಬ್ಬಳಿಗೆ ಅರ್ಧಕ್ಕರ್ಧ ಬಾಕಿ. ಹೀಗಿರುವಾಗ ಮೊದಲ ದಿನವೇ "ಆರಕ್ಕ ಮುಗೀತ್ರಿ" ಅಂತ ಯಾರಾದರೂ ಹೇಗೆ ಹೇಳುತ್ತಾರೆ?

ಇನ್ನು "ಪರ್ಮನೆಂಟ್". ನಮ್ಮ ಸಪ್ತಾಪುರದಲ್ಲಿ ಎಫ್‌ಡಿಎ ಅಂದರೆ ಪ್ರಥಮ ದರ್ಜೆ ಸಹಾಯಕ. ಅಮೇರಿಕದಲ್ಲೂ ಒಂದು ಎಫ್‌ಡಿಎ ಇದೆ, ಔಷಧ ಮತ್ತು ಉಪಕರಣಗಳಿಗೆ ಮಂಜೂರಾತಿ ಕೊಡುವ ಸಂಸ್ಥೆ. ಅದು ಲೇಸರ್ ಕಂಪನಿಗಳಿಗೆ ಹೇಳಿಕೊಳ್ಳಲು ಬಿಟ್ಟಿರುವುದು "ಶಾಶ್ವತ ಕಡಿತ" ಅಂತ, "ಶಾಶ್ವತ ನಿರ್ಮೂಲನ" ಅಂತಲ್ಲ. ಅದೂ ಚಿಕಿತ್ಸೆ ಮುಗಿದು 6, 9, 12 ತಿಂಗಳಿಗೆ ಕೂದಲು ಎಣಿಸಿ ನೋಡಿದ ಮೇಲೆ. ಎರಡಕ್ಕೂ ಅಜಗಜಾಂತರ.

ಕ್ಯಾಲೆಂಡರ್ ಹಿಡಿದು ನಾನೊಂದು ಎಕ್ಸೆಲ್ ಶೀಟ್ ಮಾಡಿದ್ದೇನೆ (ಕಸುಬಿನ ಚಟ!). ಆರು ವಾರಕ್ಕೊಂದರಂತೆ ಆರು ಸಿಟ್ಟಿಂಗ್ ಅಂದರೆ ನಡುವೆ ಐದು ಅಂತರ, 30 ವಾರ. ಬಿಸಿಲಲ್ಲಿ ಕಪ್ಪಾದ ಚರ್ಮಕ್ಕೆ ಲೇಸರ್ ಅಪಾಯ, ಆದ್ದರಿಂದ ಧಾರವಾಡದ ಮಳೆ ಹಿಡಿಯುವ ಜೂನ್ ಮಧ್ಯಕ್ಕೆ ಶುರು. ಆಗ ಕೊನೆಯದು ಸಂಕ್ರಾಂತಿ ಹೊತ್ತಿಗೆ ಬರುತ್ತದೆ. ಹುಬ್ಬಳ್ಳಿಯ ರಂಗಪಂಚಮಿಗೂ ಏಪ್ರಿಲ್ ಬಿಸಿಲಿಗೂ ಮೊದಲೇ ಮುಗಿಯಿತು. ನಿಜವಾದ ಫಲ ಗೊತ್ತಾಗುವುದು ಅದಾಗಿ ಆರು ತಿಂಗಳಿಗೆ, ಅಂದರೆ ಮುಂದಿನ ಜುಲೈಗೆ. ಹದಿಮೂರು ತಿಂಗಳ ಪ್ರಾಜೆಕ್ಟು! ಇಷ್ಟೂ ದಿನ ವ್ಯಾಕ್ಸ್ ಇಲ್ಲ, ದಾರ ಇಲ್ಲ, ಚಿಮಟ ಇಲ್ಲ, ಯಾಕೆಂದರೆ ಬೇರು ಕಿತ್ತರೆ ಲೇಸರಿಗೆ ಗುರಿಯೇ ಇರುವುದಿಲ್ಲ. ರೇಜರ್ ಮಾತ್ರ ನಡೆಯುತ್ತದೆ. "ಅಯ್ಯ, ರೇಜರ್ ಹಚ್ಚಿದ್ರ ದಪ್ಪ ಬರ್ತಾವವ್ವ" ಅನ್ನುವ ನಮ್ಮ ಅಮ್ಮನಂಥವರಿಗೆ ಹೇಳಬೇಕಾದ್ದು: ಅದು ಸುಳ್ಳು ಅಂತ 1928ರಲ್ಲೇ ಮಿಲ್ಡ್ರೆಡ್ ಟ್ರಾಟರ್ ಎಂಬ ವಿಜ್ಞಾನಿ ಅಳೆದು ತೋರಿಸಿದ್ದಾರೆ.

ಈಗ ಯೋಚಿಸಿ. ಹದಿಮೂರು ತಿಂಗಳು ಒಂದೇ ಊರಲ್ಲಿ ಇರುತ್ತೇನೆ ಅಂತ ಪೀಜಿಯ ಹುಡುಗಿ ಹೇಗೆ ಹೇಳಿಯಾಳು? ಪರೀಕ್ಷೆ ಮುಂದೆ ಹೋಗುತ್ತದೆ, ನೇಮಕಾತಿ ಬಂದರೆ ಊರು ಬಿಡುತ್ತಾಳೆ, ಬರದಿದ್ದರೂ ಮನೆಯವರು ಕರೆಸಿಕೊಳ್ಳುತ್ತಾರೆ. ಮುಂಗಡ ಕಟ್ಟಿದ ದುಡ್ಡು? ಕೋಚಿಂಗ್ ಫೀ ಇದ್ದಂತೆ, ಹೋದದ್ದು ಹೋಯಿತು. "ಗ್ಯಾರಂಟಿ ಸೆಲೆಕ್ಷನ್" ಬೋರ್ಡನ್ನು ನಂಬಿ ಸುಟ್ಟುಕೊಂಡ ಓಣಿಯಲ್ಲೇ "ಗ್ಯಾರಂಟಿ ಪರ್ಮನೆಂಟ್" ಕೂಡ ಮಾರಾಟ ಆಗುತ್ತಿದೆ. ಅದಕ್ಕೇ ನನ್ನ ಮೊದಲ ಅಭಿಪ್ರಾಯ: ಸಿಟ್ಟಿಂಗ್ ಸಿಟ್ಟಿಂಗಿಗೆ ದುಡ್ಡು ಕೊಡಿ, ರಿಯಾಯಿತಿ ಸುಡುಗಾಡು ಸೇರಲಿ.

ಎರಡನೆಯದು ಇನ್ನೂ ಮುಖ್ಯ. ನಮ್ಮ ಮಾಮಾನ ಮಗಳಿಗೆ ಮದುವೆ ಗೊತ್ತಾಗಿ ಎರಡು ತಿಂಗಳಷ್ಟೇ ಉಳಿದಿತ್ತು. ಗದ್ದದ ಮೇಲೆ ದಪ್ಪ ಕೂದಲು. "ಹತ್ತು ದಿನಕ್ಕೊಂದರಂಗ ಆರೂ ಮುಗಿಸಿ ಕೊಡ್ತೇವ್ರಿ" ಅಂತ ಒಂದು ಕಡೆ ಒಪ್ಪಿಯೂ ಬಿಟ್ಟರು. ಮಲಗಿದ ಕೂದಲು ಮದುವೆ ಮುಹೂರ್ತ ನೋಡಿ ಏಳುತ್ತದೆಯೇ? ದುಡ್ಡು ಕಟ್ಟುವ ಮೊದಲು ಚರ್ಮದ ಡಾಕ್ಟರ ಹತ್ತಿರ ಹೋದೆವು. ಅವರು ಕೂದಲು ನೋಡುವ ಮೊದಲೇ ಕೇಳಿದ್ದು, "ತಿಂಗಳಾ ತಿಂಗಳಾ ಸರಿಯಾಗಿ ಆಗ್ತೀಯೇನವಾ?" ಮೂರು ತಿಂಗಳಿಗೊಮ್ಮೆ ಆಗುತ್ತಿತ್ತಂತೆ. ಅತ್ತಿ "ಮದುವಿ ಆದ ಮ್ಯಾಲೆ ಸರಿ ಹೋಗ್ತದ" ಅಂತ ಮುಚ್ಚಿಟ್ಟಿದ್ದರು. ಪರೀಕ್ಷೆ ಮಾಡಿಸಿದರೆ ಪಿಸಿಓಎಸ್. ಪ್ಯಾಕೇಜು ಮಾರುವ ಯಾರೂ ಆ ಪ್ರಶ್ನೆ ಕೇಳಿರಲಿಲ್ಲ. ಅವಳು ಮದುವೆಗೆ ದಾರದಲ್ಲೇ ತೆಗೆಸಿಕೊಂಡು ಹೋದಳು, ಚಿಕಿತ್ಸೆ ಬೇರೆಯಾಗಿ ನಡೆದಿದೆ.

ಗದ್ದದ ದಪ್ಪ ಕೂದಲು ಬರೀ ಅಂದದ ಪ್ರಶ್ನೆ ಅಲ್ಲ, ಕೆಲವೊಮ್ಮೆ ಅದು ಎರರ್ ಮೆಸೇಜು. ಒಳಗಿನ ಹಾರ್ಮೋನಿನ ಏರುಪೇರು ಹಾಗೇ ಇದ್ದರೆ ಲೇಸರ್ ಹೊಡೆದಷ್ಟೂ ಹೊಸ ಕೂದಲು ಬರುತ್ತಿರುತ್ತದೆ. ಅಪರೂಪಕ್ಕೆ ಲೇಸರಿನಿಂದಲೇ ಮುಖ, ಕುತ್ತಿಗೆಯ ನವಿರು ಕೂದಲು ದಪ್ಪ ಆಗುವುದೂ ಉಂಟು. ದಕ್ಷಿಣ ಏಷ್ಯಾದ ಹೆಣ್ಣುಮಕ್ಕಳಲ್ಲಿ ಇದನ್ನು ವೈದ್ಯರು ಗುರುತಿಸಿದ್ದಾರೆ. ಮೊದಲು ಚರ್ಮದ ಡಾಕ್ಟರ ಹತ್ತಿರ ಹೋಗಿ. ಚಿಗರಿ ಬಸ್ಸು ಹತ್ತಿದರೆ ಸತ್ತೂರಿನ ಎಸ್‌ಡಿಎಂ ಇದೆ, ಜನ ಇನ್ನೂ ಕಿಮ್ಸ್ ಅಂತಲೇ ಕರೆಯುವ ಹುಬ್ಬಳ್ಳಿಯ ಸರಕಾರಿ ಆಸ್ಪತ್ರೆ ಇದೆ. ಖಾಸಗಿ ಕ್ಲಿನಿಕ್ಕಾದರೆ ಕರ್ನಾಟಕದ ಕೆಪಿಎಂಇ ಕಾಯಿದೆಯ ನೋಂದಣಿ ಪತ್ರ ಎಲ್ಲಿದೆ ನೋಡಿ. ಮೊದಲು ಸಣ್ಣ ಜಾಗದಲ್ಲಿ ಪ್ರಯೋಗ ಮಾಡಿಸಿ. ಕಣ್ಣಿಗೆ ಕನ್ನಡಕ ಕೊಡದಿದ್ದರೆ ಎದ್ದು ಬನ್ನಿ.

ಕೊನೆಗೊಂದು ಮಾತು. ಇದನ್ನು ಮಾಡಿಸಲೇಬೇಕು ಅಂತ ಎಲ್ಲೂ ಬರೆದಿಲ್ಲ. ಕೂದಲು ಇರುವುದು ನನ್ನ ಮುಖದ ಮೇಲೆ, ಡೆಡ್‌ಲೈನ್ ಕೊಡುವವರು ಬೀಗರು, ದುಡ್ಡು ಎಣಿಸುವವರು ಕ್ಲಿನಿಕ್ಕಿನವರು. ಇದ್ಯಾವ ನ್ಯಾಯ? ನನ್ನ ಶೀಟಿನಲ್ಲಿ ಶುರುವಿನ ತಾರೀಖನ್ನು ರಕ್ತ ಪರೀಕ್ಷೆಯ ರಿಪೋರ್ಟು ಬರುವ ತನಕ ಖಾಲಿ ಬಿಟ್ಟಿದ್ದೇನೆ.

ನಿಮಗೇನನ್ನಿಸುತ್ತದೆ? ಮಾಡಿಸಿಕೊಂಡವರು ಇದ್ದರೆ ಯಾವ ಯಂತ್ರ, ಎಷ್ಟು ಸಿಟ್ಟಿಂಗು, ವರ್ಷದ ನಂತರ ಎಷ್ಟು ಉಳಿಯಿತು ಅಂತ ಬರೀರಿ. ಹೆಸರು ಹಾಕದಿದ್ದರೂ ನಡೀತದ.